ಕ್ರಾಸ್‌ಕಟ್ ಸ್ಲೆಡ್ ಮಾಡಬೇಕು, ಆರಿದ್ರಾ ಮಳೆಗೂ ಕಚ್ಚಿಕೊಳ್ಳಬಾರದು

ತೀರ್ಥಹಳ್ಳಿ ಜೇನು · ಏಪ್ರಿಲ್ 20

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಅಡಿಕೆ ತೋಟ ಇದೆ, ಜೊತೆಗೆ ತುಡುವೆ ಜೇನು ಸಾಕುತ್ತೇನೆ. ಪೆಟ್ಟಿಗೆ ನಾನೇ ಮಾಡಿಕೊಳ್ಳುತ್ತೇನೆ, ಅಕ್ಕಪಕ್ಕದ ನಾಲ್ಕಾರು ಮನೆಗೂ ಮಾಡಿಕೊಡುತ್ತೇನೆ. ಹೋದ ವರ್ಷ ಅಡಿಕೆ ದುಡ್ಡು ಬಂದಾಗ ಸಣ್ಣ ಟೇಬಲ್ ಸಾ (ಟೇಬಲಿನ ನಡುವೆ ಬ್ಲೇಡು ಮೇಲಕ್ಕೆ ಚಾಚಿರುವ ಗರಗಸದ ಮೆಷಿನ್) ಒಂದು ತಗೊಂಡೆ. 210 ಮಿ.ಮೀ. ಬ್ಲೇಡಿನದು, ಅಲ್ಯೂಮಿನಿಯಂ ಟೇಬಲ್.

ಉದ್ದಕ್ಕೆ ಸೀಳಲು ಚೆನ್ನಾಗಿದೆ. ಅಡ್ಡ ಕೊಯ್ಯುವಾಗಲೇ ತೊಂದರೆ. ಮೆಷಿನ್ ಜೊತೆ ಬಂದ ಮಿಟರ್ ಗೇಜ್, ಅಂದರೆ ಮರವನ್ನು ಅಡ್ಡ ಹಿಡಿದು ತಳ್ಳುವ ಸಾಧನ, ಟೇಬಲಿನಲ್ಲಿ ಅದು ಓಡುವ ಸ್ಲಾಟ್‌ನಲ್ಲಿ (ಉದ್ದ ತೋಡಿನಲ್ಲಿ) ಅಲ್ಲಾಡುತ್ತದೆ. ಎರಡು ಹಲಗೆ ಕೊಯ್ದು ಪಕ್ಕಪಕ್ಕ ನಿಲ್ಲಿಸಿದರೆ ಒಂದು ಮಿ.ಮೀ. ವ್ಯತ್ಯಾಸ. ಬೇರೆ ಕೆಲಸಕ್ಕೆ ನಡೆಯುತ್ತದೆ, ಜೇನುಪೆಟ್ಟಿಗೆಗೆ ನಡೆಯುವುದಿಲ್ಲ. ಚೌಕಟ್ಟಿಗೂ ಗೋಡೆಗೂ ನಡುವೆ ಏಳೆಂಟು ಮಿ.ಮೀ. ಜಾಗ ಬೇಕು. ಜಾಸ್ತಿ ಆದರೆ ಹುಳಗಳು ಅಲ್ಲೇ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಸೇರಿಸಿಬಿಡುತ್ತವೆ. ಕಡಿಮೆ ಆದರೆ ಓಡಾಡಲು ದಾರಿ ಇರುವುದಿಲ್ಲ. ಮೂಲೆ ಓರೆಯಾದ ಪೆಟ್ಟಿಗೆಯಲ್ಲಿ ಒಂದು ಕಡೆ ಹತ್ತು, ಇನ್ನೊಂದು ಕಡೆ ಐದು. ಚೌಕಟ್ಟು ಎತ್ತುವಾಗ ಎರಿ ಹರಿದು, ಮರಿಗಳು ಕೆಳಗೆ ಬಿದ್ದದ್ದನ್ನು ನೋಡಿದ್ದೇನೆ. ಅದು ನನ್ನ ಕೊಯ್ತದ ತಪ್ಪು, ಹುಳದ್ದಲ್ಲ.

ಇನ್ನೊಂದು ವಿಷಯವನ್ನೂ ಹೇಳಬೇಕು. ಎಲ್ಲಾ ತುಂಡೂ ಒಂದೇ ಉದ್ದ ಬರಲಿ ಅಂತ ಪಕ್ಕದ ರಿಪ್ ಫೆನ್ಸಿಗೆ (ಉದ್ದಕ್ಕೆ ಸೀಳುವಾಗ ಮರ ಒರಗುವ ಪಟ್ಟಿಗೆ) ತುದಿ ತಾಗಿಸಿ, ಮಿಟರ್ ಗೇಜಿನಿಂದ ತಳ್ಳುತ್ತಿದ್ದೆ. ಹೋದ ತಿಂಗಳು ಒಂದು ಅಕೇಶಿಯಾ ತುಂಡು ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹಾರಿ ಬಂದು ಹೊಟ್ಟೆಗೆ ಬಡಿಯಿತು. ಅಂಗೈ ಅಗಲದ ಕಪ್ಪು ಕಲೆ ಎರಡು ವಾರ ಇತ್ತು. ಆವತ್ತಿನಿಂದ ಅಡ್ಡ ಕೊಯ್ಯುವುದನ್ನೇ ನಿಲ್ಲಿಸಿದ್ದೇನೆ.

ಸ್ಲೆಡ್ ಮಾಡಿಕೊಂಡರೆ ಎರಡೂ ಸರಿಹೋಗುತ್ತದೆ ಅಂತ ಕೇಳಿದ್ದೇನೆ. ಮಾಡಿದವರು ಇದ್ದರೆ ಬಿಡಿಸಿ ಹೇಳಿ. ನಮ್ಮಲ್ಲಿ ಮಳೆಗಾಲದಲ್ಲಿ ಬಾಗಿಲುಗಳೇ ಚೌಕಟ್ಟಿಗೆ ಕಚ್ಚಿಕೊಳ್ಳುತ್ತವೆ. ಅಂಥ ಕಡೆ ಇದು ನಿಲ್ಲುತ್ತದಾ?

ಸಾಗರದ ಬಡಗಿ · ಏಪ್ರಿಲ್ 20

ಮೊದಲು ಆ ಪೆಟ್ಟಿನ ಬಗ್ಗೆ. ದೇವರು ದೊಡ್ಡವನು, ಹೊಟ್ಟೆಗೆ ಬಿತ್ತು, ಕಣ್ಣಿಗಲ್ಲ. ಫೆನ್ಸ್ ಮತ್ತು ಮಿಟರ್ ಗೇಜ್ ಎರಡನ್ನೂ ಒಟ್ಟಿಗೆ ಹಿಡಿದು ಅಡ್ಡ ಕೊಯ್ಯಲೇಬಾರದು. ತುಂಡಾಗಿ ಬಿದ್ದ ಮರಕ್ಕೆ ಆಚೆ ಫೆನ್ಸ್, ಈಚೆ ಬ್ಲೇಡ್. ಹೋಗಲು ಜಾಗವೇ ಇಲ್ಲ. ಸ್ವಲ್ಪ ಓರೆಯಾದರೂ ಬ್ಲೇಡಿನ ಹಿಂಭಾಗದ ಹಲ್ಲು ಅದನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಹಿಂಭಾಗದ ಹಲ್ಲು ಕೆಳಗಿಂದ ಮೇಲಕ್ಕೆ ಏಳುವಂಥದ್ದು, ಅದಕ್ಕೇ.

ಸ್ಲೆಡ್ ಅಂದರೆ ಬೇರೇನಲ್ಲ, ಮರವನ್ನು ಕೂರಿಸಿ ತಳ್ಳುವ ಒಂದು ಮಣೆ. ಕೆಳಗೆ ಎರಡು ರನ್ನರ್, ಅವು ಟೇಬಲಿನ ಎರಡು ಸ್ಲಾಟ್‌ಗಳಲ್ಲಿ ಓಡುತ್ತವೆ. ಮೇಲೆ ಎರಡು ಅಡ್ಡಪಟ್ಟಿ. ನಮ್ಮ ಕಡೆಯದು ಬ್ಲೇಡಿಗೆ ಸರಿಯಾಗಿ ತೊಂಬತ್ತು ಡಿಗ್ರಿ ಇರಬೇಕು, ಮರ ಒರಗುವುದು ಅದಕ್ಕೆ. ಆಚೆಯದರ ಕೆಲಸ ಮಣೆ ಎರಡು ಹೋಳಾಗದಂತೆ ಹಿಡಿದಿಡುವುದು ಮಾತ್ರ. ಅದು ಸ್ವಲ್ಪ ಓರೆ ಇದ್ದರೂ ನಷ್ಟ ಇಲ್ಲ. ಮರವೂ ಮಣೆಯೂ ಒಟ್ಟಿಗೆ ಚಲಿಸುವುದರಿಂದ ಉಜ್ಜಾಟ ಇಲ್ಲ, ತಿರುಗುವುದಿಲ್ಲ. ಒಂದೇ ಉದ್ದ ಬೇಕಾದರೆ ಅಡ್ಡಪಟ್ಟಿಗೆ ಒಂದು ಗುಟ್ಟ ಬಿಗಿದು ತುದಿಯನ್ನು ಅದಕ್ಕೆ ತಾಗಿಸಿ. ನಿಮಗೆ ಬೇಕಾದ ತುಂಡು ಗುಟ್ಟದ ಕಡೆ ಉಳಿಯುತ್ತದೆ, ಕತ್ತರಿಸಿ ಬಿದ್ದದ್ದು ಆಚೆ ಬಿಡುವಾಗಿ ಇರುತ್ತದೆ.

ಭದ್ರಾವತಿ ಟರ್ನರ್ · ಏಪ್ರಿಲ್ 21

ನಾನು ಮರಗೆಲಸದವನಲ್ಲ. ಲೇತ್ ಮುಂದೆ ನಿಂತೇ ನಿವೃತ್ತನಾದವನು, ಈಗ ಮೊಮ್ಮಕ್ಕಳಿಗೆ ಆಟಿಕೆ ಮಾಡುತ್ತೇನೆ. ಸ್ಲೆಡ್ ಕಟ್ಟುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ, ಅದನ್ನು ಯಾರೂ ಮಾಡುವುದಿಲ್ಲ. ಬ್ಲೇಡು ಸ್ಲಾಟ್‌ಗೆ ಸಮಾನಾಂತರ ಇದೆಯಾ ನೋಡು ತಮ್ಮ. ಅದು ಓರೆ ಇದ್ದರೆ ಸ್ಲೆಡ್ ಎಷ್ಟು ಚೆಂದ ಮಾಡಿದರೂ ಕೊಯ್ದ ಮುಖ ಸುಡುತ್ತದೆ.

ಪ್ಲಗ್ ಕಿತ್ತು ಪಕ್ಕಕ್ಕೆ ಇಡು. ಸ್ವಿಚ್ ಆಫ್ ಮಾಡಿದರೆ ಸಾಲದು, ಕೀಳಬೇಕು. ಬ್ಲೇಡ್ ಪೂರ್ತಿ ಎತ್ತು. ಒಂದು ಹಲ್ಲಿಗೆ ಮಾರ್ಕರ್‌ನಿಂದ ಗುರುತು ಹಾಕು. ಮೂಲೆಮಟ್ಟದ ಬುಡವನ್ನು ಸ್ಲಾಟಿನ ಅಂಚಿಗೆ ಒತ್ತಿ ಹಿಡಿದು, ಅಲಗಿನ ತುದಿ ಆ ಹಲ್ಲಿಗೆ ತಾಗುವಷ್ಟು ಹೊಂದಿಸು. ಈಗ ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಅಲ್ಲೂ ತಾಗಿಸಿ ನೋಡು. ಬೇರೆ ಹಲ್ಲು ತಗೊಂಡರೆ ಬ್ಲೇಡಿನ ಡೊಂಕು ಲೆಕ್ಕದಲ್ಲಿ ಸೇರಿಬಿಡುತ್ತದೆ, ಅದಕ್ಕೇ ಅದೇ ಹಲ್ಲು. ಎರಡೂ ಕಡೆ ಒಂದೇ ಥರ ಸವರಿಕೊಂಡು ಹೋದರೆ ಸರಿ. 0.1 ಮಿ.ಮೀ. ಒಳಗಿದ್ದರೆ ಮುಂದುವರಿ. ಜಾಸ್ತಿ ಇದ್ದರೆ ಮೆಷಿನ್ ಪುಸ್ತಕದಲ್ಲಿ ಹೇಳಿದ ಬೋಲ್ಟ್ ಸಡಿಲಿಸಿ ಸರಿಮಾಡು.

ವಿನೋಬನಗರ ಗ್ಯಾರೇಜ್ · ಏಪ್ರಿಲ್ 21

ಸಾಮಾನಿನ ಬಗ್ಗೆ ನಾನು ಹೇಳುತ್ತೇನೆ. ಶಿವಮೊಗ್ಗದಲ್ಲಿ ಮನೆ ಗ್ಯಾರೇಜಲ್ಲಿ ನಾನು ಮಾಡಿದ್ದು ಮೂರನೇ ಸ್ಲೆಡ್. ಮೊದಲೆರಡು ಒಲೆಗೆ ಹೋದವು.

ಮಣೆಗೆ 12 ಮಿ.ಮೀ. ಪ್ಲೈವುಡ್ ಸಾಕು. ನಿಮ್ಮ 210ರ ಬ್ಲೇಡು ಹೆಚ್ಚೆಂದರೆ 65 ಮಿ.ಮೀ. ಆಳ ಕೊಯ್ಯುತ್ತದೆ. ಮಣೆಯೇ 18 ಆದರೆ ಅಷ್ಟು ಆಳ ಸುಮ್ನೆ ಹೋಯ್ತು, ಭಾರವೂ ಜಾಸ್ತಿ. ಅಂಗಡಿಯಲ್ಲಿ ಎಂಆರ್ (ಬರೀ ತೇವ ತಡೆಯುವ) ಗ್ರೇಡ್ ಕೊಡಲು ಬರುತ್ತಾರೆ, ತಗೋಬೇಡಿ. ಭಾರತೀಯ ಮಾನಕ ಐಎಸ್ 303ರಲ್ಲಿ ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ಅಂತ ಮುದ್ರೆ ಇರುವುದು, ಇಲ್ಲವೇ ಐಎಸ್ 710ರ ಮರೈನ್ ಕೇಳಿ. ಅದಕ್ಕಿಂತ ಮುಖ್ಯ, ಹಾಳೆಯ ಅಂಚಿಗೆ ಕಣ್ಣಿಟ್ಟು ನೋಡಿ. ಬಾಗಿದ ಪ್ಲೈವುಡ್‌ಗೆ ಯಾವ ಮುದ್ರೆ ಇದ್ದರೂ ಪ್ರಯೋಜನ ಇಲ್ಲ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಚಪ್ಪಟೆ ಇರುತ್ತದೆ ನಿಜ, ಆದರೆ ನಿಮ್ಮ ಊರಿನ ಗಾಳಿಗೆ ಅಂಚು ಉಬ್ಬಿಕೊಳ್ಳುತ್ತದೆ.

ನಮ್ಮ ಕಡೆಯ ಅಡ್ಡಪಟ್ಟಿಗೆ 18 ಮಿ.ಮೀ. ಪ್ಲೈವುಡ್ಡಿನ ಎರಡು ಪಟ್ಟಿ ಬೆನ್ನಿಗೆ ಬೆನ್ನು ಅಂಟಿಸಿ. ಅಂಟಿಸುವಾಗ ಅಡಿಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಮಲಗಿಸಿ ಕ್ಲ್ಯಾಂಪ್ ಮಾಡಿ. ಮನೆಯಲ್ಲಿ ಅದಕ್ಕಿಂತ ಚಪ್ಪಟೆ ಜಾಗ ಇನ್ನೊಂದಿಲ್ಲ. ಕಾಗದ ಹಾಸಿಕೊಳ್ಳಿ, ಇಲ್ಲದಿದ್ದರೆ ಬೈಗುಳ ಖಂಡಿತ. ಒಣಗಿದ ಮೇಲೆ ಎರಡೂ ಅಡ್ಡಪಟ್ಟಿಯನ್ನು ಮುಖಕ್ಕೆ ಮುಖ ಇಟ್ಟು ಕಿಟಕಿ ಬೆಳಕಿಗೆ ಹಿಡಿಯಿರಿ. ಬೆಳಕು ತೂರಿ ಬಂದರೆ ಅಲ್ಲಿ ಕೀಸಬೇಕು.

ರನ್ನರ್ ಕೂರಿಸುವ ಕ್ರಮ ಹೀಗೆ. ಸಾಮಾನ್ಯವಾಗಿ ಸ್ಲಾಟ್ 19 ಮಿ.ಮೀ. ಅಗಲ, 9.5 ಆಳ ಇರುತ್ತದೆ. ನಿಮ್ಮದನ್ನು ವರ್ನಿಯರ್‌ನಿಂದ ಅಳೆಯಿರಿ, ಸಣ್ಣ ಮೆಷಿನ್‌ಗಳಲ್ಲಿ ಬೇರೆಯೂ ಇರುತ್ತದೆ. ರನ್ನರ್ ದಪ್ಪ 8 ಮಿ.ಮೀ. ಇಡಿ. ಸ್ಲಾಟ್ ಒಳಗೆ ಅಲ್ಲಲ್ಲಿ ಎಂ8 ವಾಷರ್ ಎರಡೆರಡು ಪೇರಿಸಿ, ಅದರ ಮೇಲೆ ರನ್ನರ್ ಇಟ್ಟರೆ ಟೇಬಲ್ ಮಟ್ಟಕ್ಕಿಂತ ಒಂದೂವರೆ ಮಿ.ಮೀ. ಮೇಲೆ ನಿಲ್ಲುತ್ತದೆ. ಒಂದು ರೂಪಾಯಿ ನಾಣ್ಯ ಇಡಿ ಅನ್ನುತ್ತಾರೆ, ನಮ್ಮ ರೂಪಾಯಿ 19ಕ್ಕಿಂತ ಅಗಲ, ಒಳಗೆ ಇಳಿಯುವುದೇ ಇಲ್ಲ. ರನ್ನರ್ ಮೇಲೆ ಅಂಟಿನ ಚುಕ್ಕಿ ಇಟ್ಟು, ಮಣೆಯ ಒಂದು ಅಂಚನ್ನು ರಿಪ್ ಫೆನ್ಸಿಗೆ ತಾಗಿಸಿ ಮೆಲ್ಲಗೆ ಇಳಿಸಿ, ಮೇಲೆ ಭಾರ ಹೇರಿ. ಅಂಟು ಹಿಡಿದ ಮೇಲೆ ತಿರುಗಿಸಿ ಸ್ಕ್ರೂ ಹಾಕಿ.

ಕೊಪ್ಪದ ಮಳೆ · ಏಪ್ರಿಲ್ 22

ನಮ್ಮದು ಕೊಪ್ಪ. ಮಳೆ ವಿಷಯ ಕೇಳಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಕ್ಕಳ ಕಪಾಟು, ಪುಸ್ತಕದ ಸ್ಟ್ಯಾಂಡ್ ಮಾಡುತ್ತೇನೆ. ಮೊದಲ ಸ್ಲೆಡ್ಡಿಗೆ ಮತ್ತಿ ಮರದ ರನ್ನರ್ ಹಾಕಿದ್ದೆ. ಏಪ್ರಿಲ್‌ನಲ್ಲಿ ಬೆರಳಿನಿಂದ ತಳ್ಳಿದರೆ ಜಾರುತ್ತಿತ್ತು. ಪುನರ್ವಸು ಮಳೆ ಹಿಡಿದ ವಾರ ಸ್ಲೆಡ್ ಟೇಬಲಿಗೆ ಇಳಿಯಲೇ ಇಲ್ಲ. ಕೀಸಿ ಇಳಿಸಿದೆ. ಫೆಬ್ರವರಿಯಲ್ಲಿ ನೋಡಿದರೆ ಎರಡೂ ಕಡೆ ಅಲ್ಲಾಡುತ್ತಿತ್ತು. ಅಲ್ಲಾಡುವ ಸ್ಲೆಡ್ಡಿಗಿಂತ ಕಚ್ಚಿಕೊಳ್ಳುವ ಸ್ಲೆಡ್ ವಾಸಿ. ಅಲ್ಲಾಡುವುದು ತಪ್ಪು ಕೊಯ್ಯುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಈಗ ಪ್ಲಾಸ್ಟಿಕ್ ಹಾಕಿದ್ದೇನೆ. ತರಕಾರಿ ಹೆಚ್ಚುವ ಬಿಳಿ ಬೋರ್ಡ್ ಬರುತ್ತದಲ್ಲ, ಎಚ್‌ಡಿಪಿಇ, ಅದೇ. ಅದು ನೀರು ಕುಡಿಯುವುದಿಲ್ಲ. ಎರಡು ಮಳೆಗಾಲ ಕಳೆದಿದೆ, ಒಂದೇ ಥರ ಓಡುತ್ತದೆ. ತಗೊಳ್ಳುವಾಗ ದಪ್ಪ ನೋಡಿ. ನಾನು ಮೊದಲು 10 ಮಿ.ಮೀ.ದು ತಂದೆ, ಸ್ಲಾಟ್ ಆಳ 9.5. ಸ್ಲೆಡ್ ಟೇಬಲಿಂದ ಎದ್ದು ರನ್ನರ್ ಮೇಲೆ ನಿಂತಿತು. 8ರ ಬೋರ್ಡೇ ಬೇಕು.

ಪ್ಲಾಸ್ಟಿಕ್‌ಗೆ ಒಂದು ಗುಣ ಇದೆ. ಸ್ಕ್ರೂ ಬಿಗಿ ಮಾಡಿದಷ್ಟೂ ಅದು ಪಕ್ಕಕ್ಕೆ ಉಬ್ಬುತ್ತದೆ. ಗೊತ್ತಿಲ್ಲದೆ ಬಿಗಿದರೆ ಸ್ಲೆಡ್ ಅಲ್ಲಲ್ಲಿ ಹಿಡಿಯುತ್ತದೆ. ಗೊತ್ತಿದ್ದರೆ ಅನುಕೂಲ. ಸಡಿಲ ಅನ್ನಿಸಿದ ಕಡೆ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಗಟ್ಟಿ ಕೂರುತ್ತದೆ.

ಸಾಗರದ ಬಡಗಿ · ಏಪ್ರಿಲ್ 22

ಅಕ್ಕಾ, ಮರದ ತಪ್ಪಲ್ಲ ಅದು. ಮತ್ತಿ ಮರ ನೀರಿಗೆ ಬಹಳ ಆಡುತ್ತದೆ, ರನ್ನರ್‌ಗೆ ಅದಲ್ಲ. ಸಾಗುವಾನಿ ಹಾಕಿ. ಅದರಲ್ಲೂ ಕೊಯ್ತ ನೋಡಿ ಆರಿಸಬೇಕು. ಪಟ್ಟಿಯ ತುದಿ ನೋಡಿದರೆ ಉಂಗುರದ ಗೆರೆಗಳು ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಮರ ಉದ್ದಕ್ಕೆ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಗೆರೆಗೆ ಅಡ್ಡಲಾಗಿ ಹಿಗ್ಗುವುದಕ್ಕಿಂತ ಗೆರೆಯ ಉದ್ದಕ್ಕೆ ಹಿಗ್ಗುವುದು ಹೆಚ್ಚುಕಮ್ಮಿ ಎರಡು ಪಟ್ಟು. ಗೆರೆ ನಿಂತಿದ್ದರೆ ಆ ದೊಡ್ಡ ಹಿಗ್ಗು ಪಟ್ಟಿಯ ದಪ್ಪಕ್ಕೆ ಹೋಗುತ್ತದೆ, ಅಲ್ಲಿ ಜಾಗ ಇದೆ. ಸ್ಲಾಟಿನ ಅಗಲಕ್ಕೆ ಬರುವುದು ಸಣ್ಣದು.

ನಾನು ರನ್ನರ್ ಪಟ್ಟಿಗಳನ್ನು ಬಚ್ಚಲು ಒಲೆಯ ಮೇಲಿನ ಅಟ್ಟದಲ್ಲಿ ಒಂದು ವರ್ಷ ಇಟ್ಟು ಆಮೇಲೆ ಕೀಸುತ್ತೇನೆ. ನನ್ನ ತಂದೆ ಬಾಗಿಲ ಮರವನ್ನೂ ಹಾಗೇ ಇಡುತ್ತಿದ್ದರು.

ಕೊಪ್ಪದ ಮಳೆ · ಏಪ್ರಿಲ್ 22

ಒಪ್ಪಿದೆ ಅಣ್ಣ, ಗೆರೆ ನೋಡಿ ಆರಿಸಿದ್ದರೆ ನನ್ನದು ಅಷ್ಟು ಕೆಡುತ್ತಿರಲಿಲ್ಲ. ಆದರೂ ನಿಮ್ಮ ಹಾಗೆ ವರ್ಷಗಟ್ಟಲೆ ಒಣಗಿಸಿದ ಸಾಗುವಾನಿ ಎಲ್ಲರ ಹತ್ತಿರ ಇರುವುದಿಲ್ಲ. ಇವರ ಮನೆ ಆಗುಂಬೆ ಕಡೆ. ಅಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ. ಅಟ್ಟದಿಂದ ಇಳಿಸಿದ ಮರವೂ ಹದಿನೈದು ದಿನದಲ್ಲಿ ಆ ಗಾಳಿಯನ್ನು ಕುಡಿಯುತ್ತದೆ. ನನ್ನ ಓಟು ಪ್ಲಾಸ್ಟಿಕ್‌ಗೇ.

ವಿನೋಬನಗರ ಗ್ಯಾರೇಜ್ · ಏಪ್ರಿಲ್ 23

ಅಲ್ಯೂಮಿನಿಯಂ ಪಟ್ಟಿಯೂ ಆಗುತ್ತದೆ. ಆದರೆ ಟೇಬಲೂ ಅಲ್ಯೂಮಿನಿಯಂ ಆದರೆ ಎರಡೂ ಉಜ್ಜಿ ಕಪ್ಪು ಮಸಿ ಬರುತ್ತದೆ, ಅದು ಮರಕ್ಕೆ ಹತ್ತುತ್ತದೆ. ನಾನೂ ಪ್ಲಾಸ್ಟಿಕ್ ಕಡೆಗೇ.

ಹೊಸನಗರ ಹುಡುಗ · ಏಪ್ರಿಲ್ 23

ನಡುವೆ ಕೇಳುತ್ತಿರುವುದಕ್ಕೆ ಕ್ಷಮಿಸಿ. ನನ್ನ ಹತ್ತಿರ ಟೇಬಲ್ ಸಾ ಇಲ್ಲ. ಮಾರ್ಬಲ್ ಕಟ್ಟರ್‌ಗೆ 4 ಇಂಚಿನ ಮರದ ಬ್ಲೇಡ್ ಹಾಕಿ, ಪ್ಲೈವುಡ್ ಟೇಬಲ್ ಕೆಳಗೆ ಉಲ್ಟಾ ಕಟ್ಟಿದ್ದೇನೆ. ಇಲ್ಲಿ ಮನೆ ಕೆಲಸಕ್ಕೆ ಬರುವ ಬಡಗಿಗಳೆಲ್ಲ ಹಾಗೇ ಮಾಡುತ್ತಾರೆ. ಅದಕ್ಕೂ ಸ್ಲೆಡ್ ಮಾಡಬಹುದಾ?

ಸಾಗರದ ಬಡಗಿ · ಏಪ್ರಿಲ್ 23

ಬೇಡ ಮಾರಾಯ. ದಯವಿಟ್ಟು ಬೇಡ. ನಾನೂ ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ, ಬೇರೆ ಗತಿ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದವನ ಎಡಗೈಯ ಎರಡು ಬೆರಳು ಅದರಲ್ಲಿ ಹೋಯಿತು. ಆ ದಿನ ಪ್ಲಗ್ ಕೀಳಲು ನಾನೇ ಗೋಡೆವರೆಗೆ ಓಡಿದ್ದು. ಸ್ವಿಚ್ಚನ್ನು ದಾರ ಕಟ್ಟಿ ಆನ್ ಮಾಡಿಟ್ಟಿದ್ದೆವು, ಅದು ಟೇಬಲ್ ಕೆಳಗೆ ಇತ್ತು.

ಆ ಮೆಷಿನ್ ಕಲ್ಲಿಗೆ ಅಂತ ಮಾಡಿದ್ದು. ನಿಮಿಷಕ್ಕೆ 12,000 ಸುತ್ತಿನ ಮೇಲೆ ತಿರುಗುತ್ತದೆ, ಟೇಬಲ್ ಸಾ ಅದರ ಅರ್ಧವೂ ತಿರುಗುವುದಿಲ್ಲ. ಬ್ಲೇಡಿನ ಹಿಂದೆ ಸೀಳು ಮುಚ್ಚದಂತೆ ತಡೆಯುವ ರೈವಿಂಗ್ ನೈಫ್ ಇಲ್ಲ. ಸ್ಲೆಡ್ ಹಾಕಿದರೆ ಇದೆಲ್ಲ ಸರಿಹೋಗುವುದಿಲ್ಲ, ಸರಿಹೋಯ್ತು ಅನ್ನುವ ಧೈರ್ಯ ಮಾತ್ರ ಬರುತ್ತದೆ.

ನಿನಗೆ ಸಣ್ಣ ತುಂಡು ನೇರ ಬೇಕು ಅಷ್ಟೇ ಅಲ್ವಾ? ಕೈಗರಗಸದಲ್ಲಿ ಗೆರೆಯಿಂದ ಒಂದು ಕೂದಲು ಆಚೆ ಕೊಯ್ಯಿ. ಒಂದು ಹಲಗೆ ಮೇಲೆ ಅಡ್ಡಪಟ್ಟಿ ಹೊಡೆದು, ಅದಕ್ಕೆ ತುಂಡು ಒರಗಿಸಿ, ಕೀಸುಳಿಯನ್ನು ಪಕ್ಕಕ್ಕೆ ಮಲಗಿಸಿ ತುದಿ ಕೀಸು. ಗಾಜಿನ ಹಾಗೆ ಮುಖ ಬರುತ್ತದೆ. ಸಾಗರ, ಸೊರಬದ ಗುಡಿಗಾರರ ಶ್ರೀಗಂಧದ ಪೆಟ್ಟಿಗೆ ನೋಡಿದ್ದೀಯಲ್ಲ, ಆ ಕೆತ್ತನೆಯೆಲ್ಲ ಕೈ ಉಳಿಯದ್ದು. ಕೈಯಲ್ಲಿ ಆಗದ್ದು ಏನೂ ಇಲ್ಲ, ಹೊತ್ತು ಬೇಕು.

ಹೊಸನಗರ ಹುಡುಗ · ಏಪ್ರಿಲ್ 24

ಬಿಚ್ಚಿದೆ ಅಣ್ಣ. ಅಮ್ಮನಿಗೆ ಓದಿ ಹೇಳಿದೆ, ಅವರೂ ನಿಂತು ಬಿಚ್ಚಿಸಿದರು. ಕೀಸುಳಿ ಹರಿತ ಮಾಡುವುದು ಹೇಗೆ ಅಂತ ಬೇರೆ ಕಡೆ ಕೇಳುತ್ತೇನೆ, ಇಲ್ಲಿ ಇವರ ಮಾತು ಮುಂದುವರಿಯಲಿ.

ತೀರ್ಥಹಳ್ಳಿ ಜೇನು · ಮೇ 5

ತಡವಾಯಿತು, ಮನೆಯಲ್ಲಿ ಮದುವೆ ಇತ್ತು. ನೀವೆಲ್ಲ ಹೇಳಿದ ಹಾಗೇ ಮಾಡಿದ್ದೇನೆ.

ಬ್ಲೇಡು ಸ್ಲಾಟ್‌ಗೆ ಸ್ವಲ್ಪ ಓರೆ ಇತ್ತು, ಸರಿಮಾಡಿದೆ. ಮಣೆ 700 ಅಗಲ, 450 ಉದ್ದ, 12ರ ಮರೈನ್ ಪ್ಲೈವುಡ್. ರನ್ನರ್ ಎಚ್‌ಡಿಪಿಇ. ಭಾರಕ್ಕೆ ಎರಡು ಚೀಲ ಅಡಿಕೆ ಹೇರಿದ್ದೆ, ಬೇರೆ ಏನೂ ಸಿಗಲಿಲ್ಲ. ಮೊದಲು ತಳ್ಳಿದಾಗ ಮಧ್ಯದಲ್ಲಿ ಹಿಡಿಯಿತು. ಸ್ಲಾಟಿನ ಪಕ್ಕಕ್ಕೆ ಪೆನ್ಸಿಲ್ ಉಜ್ಜಿ ಸ್ಲೆಡ್ಡನ್ನು ಹತ್ತು ಸಲ ಹಿಂದೆ ಮುಂದೆ ಆಡಿಸಿದೆ. ಬಿಳಿ ರನ್ನರ್ ಮೇಲೆ ಎರಡು ಕಡೆ ಮಾತ್ರ ಕಪ್ಪು ಹತ್ತಿತ್ತು, ಎರಡೂ ಸ್ಕ್ರೂ ಪಕ್ಕದಲ್ಲೇ. ಅಕ್ಕ ಹೇಳಿದ ಉಬ್ಬು ಇದೇ ಅಂತ ಆಗ ಅರ್ಥ ಆಯಿತು. ಅಲ್ಲಿ ಸಣ್ಣ ಕೈಬ್ಲೇಡಿನಿಂದ ಹೆರೆದೆ. ಈಗ ಒಂದೇ ಬೆರಳಿಗೆ ಓಡುತ್ತದೆ, ಪಕ್ಕಕ್ಕೆ ಅಲ್ಲಾಡುವುದಿಲ್ಲ.

ಆಚೆ ಅಡ್ಡಪಟ್ಟಿ ಹೊಡೆದು, ಮಣೆಯನ್ನು ಮುಕ್ಕಾಲು ಭಾಗ ಕೊಯ್ದು ಸೀಳು ಮಾಡಿಕೊಂಡೆ. ಆ ಸೀಳಿಗೆ ಮೂಲೆಮಟ್ಟ ಹಿಡಿದು ನಮ್ಮ ಕಡೆಯ ಅಡ್ಡಪಟ್ಟಿ ಕೂರಿಸಿದೆ. ಎಡತುದಿಗೆ ಒಂದು ಸ್ಕ್ರೂ, ಬಲತುದಿಗೆ ಒಂದು. ಮೂಲೆಮಟ್ಟದಲ್ಲಿ ನೋಡಿದರೆ ಸರಿ ಇದೆ. ಇಷ್ಟು ಸಾಕಾ?

ಭದ್ರಾವತಿ ಟರ್ನರ್ · ಮೇ 5

ಸಾಲದು. ಆರು ಇಂಚಿನ ಮೂಲೆಮಟ್ಟ ತೋರಿಸದ ತಪ್ಪನ್ನು ಒಂದೂವರೆ ಅಡಿ ಹಲಗೆ ತೋರಿಸುತ್ತದೆ. ಐದು ಕೊಯ್ತದ ಪರೀಕ್ಷೆ ಮಾಡು.

ಸುಮಾರು 420 ಮಿ.ಮೀ. ಚೌಕದ ಪ್ಲೈವುಡ್ ತುಂಡು ತಗೊ. ಬ್ಲೇಡಿನ ಎಡಗಡೆ ಇಟ್ಟು ಅದರ ಬಲ ಅಂಚು ಸ್ವಲ್ಪ ಕೊಯ್ಯಿ. ಕೊಯ್ದ ಅಂಚು ಅಡ್ಡಪಟ್ಟಿಗೆ ತಾಗುವ ಹಾಗೆ ಗಡಿಯಾರದ ದಿಕ್ಕಿನಲ್ಲಿ ತಿರುಗಿಸಿ ಮತ್ತೆ ಕೊಯ್ಯಿ. ಹೀಗೆ ನಾಲ್ಕೂ ಅಂಚು. ಐದನೇ ಸಲ, ಮೊದಲು ಕೊಯ್ದ ಅಂಚಿನಿಂದಲೇ ಅರ್ಧ ಇಂಚಿನ ಪಟ್ಟಿ ತೆಗೆ. ಆ ಪಟ್ಟಿ ಎತ್ತುವ ಮೊದಲು ಅಡ್ಡಪಟ್ಟಿ ಕಡೆಯ ತುದಿಗೆ "ಹತ್ತಿರ" ಅಂತ ಬರೆ, ಆಚೆ ತುದಿಗೆ "ದೂರ" ಅಂತ ಬರೆ. ವರ್ನಿಯರ್‌ನಲ್ಲಿ ಎರಡೂ ತುದಿ ಅಳೆ.

ಪ್ರತಿ ಸಲ ತಿರುಗಿಸಿದಾಗಲೂ ಅದೇ ತಪ್ಪು ಸೇರುತ್ತಾ ಹೋಗುತ್ತದೆ, ಕೊನೆಗೆ ಪಟ್ಟಿಯಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ. ಕಣ್ಣಿಗೆ ಕಾಣದ್ದನ್ನು ಹಿಗ್ಗಿಸಿ ತೋರಿಸುವ ಉಪಾಯ ಇದು. ಅದಕ್ಕೇ ನನಗೆ ಇದು ಬಹಳ ಇಷ್ಟ.

ತೀರ್ಥಹಳ್ಳಿ ಜೇನು · ಮೇ 6

ಪಟ್ಟಿ ಉದ್ದ 400. ಹತ್ತಿರದ ತುದಿ 12.62, ದೂರದ್ದು 12.18. ವ್ಯತ್ಯಾಸ 0.44. ಎರಡು ಸ್ಕ್ರೂ ನಡುವಿನ ದೂರ 600 ಮಿ.ಮೀ. ಎಷ್ಟು ಸರಿಸಬೇಕು ಸರ್?

ಭದ್ರಾವತಿ ಟರ್ನರ್ · ಮೇ 6

0.44ನ್ನು ನಾಲ್ಕರಿಂದ ಭಾಗಿಸು, 0.11. ಅಂದರೆ 400 ಮಿ.ಮೀ. ಉದ್ದಕ್ಕೆ 0.11 ತಪ್ಪು. 600ಕ್ಕೆ ಎಷ್ಟು? 0.165. ಎಡ ಸ್ಕ್ರೂ ಮೇಲೆ ತಿರುಗಿಸಿ ಬಲತುದಿಯನ್ನು ಅಷ್ಟು ಸರಿಸು. ಬೈಕ್ ಮೆಕ್ಯಾನಿಕ್ ಹತ್ತಿರ ಟ್ಯಾಪೆಟ್‌ಗೆ ಇಡುವ ಫೀಲರ್ ಗೇಜ್ (ಸಂದು ಅಳೆಯುವ ತೆಳು ಎಲೆಗಳ ಕಟ್ಟು) ಇರುತ್ತದೆ, ಕೇಳಿ ತಗೊ. 0.15ರ ಎಲೆ ಸಾಕು.

ತೀರ್ಥಹಳ್ಳಿ ಜೇನು · ಮೇ 7

ಸರ್, ಸರಿಸಿದೆ, ಮತ್ತೆ ಐದು ಕೊಯ್ತ ಮಾಡಿದೆ. ವ್ಯತ್ಯಾಸ 0.84 ಬಂತು! ಕಡಿಮೆ ಆಗುವ ಬದಲು ಹೆಚ್ಚುಕಮ್ಮಿ ಎರಡರಷ್ಟಾಯಿತು. ಹತ್ತಿರದ ತುದಿಯೇ ದಪ್ಪ.

ಭದ್ರಾವತಿ ಟರ್ನರ್ · ಮೇ 7

ಯಾವ ಕಡೆಗೆ ಸರಿಸಬೇಕು ಅಂತ ನಾನು ಹೇಳಲಿಲ್ಲ, ತಪ್ಪು ನನ್ನದು ತಮ್ಮ. ನೀನು ಆಚೆಗೆ ತಳ್ಳಿದ್ದೀಯ. ಬರೆದಿಟ್ಟುಕೊ: ತುಂಡು ಬ್ಲೇಡಿನ ಎಡಗಡೆ, ತಿರುಗಿಸುವುದು ಗಡಿಯಾರದ ದಿಕ್ಕಿಗೆ, ಎಡ ಸ್ಕ್ರೂ ಅಲುಗಬಾರದು. ಹೀಗಿದ್ದಾಗ ಹತ್ತಿರದ ತುದಿ ದಪ್ಪ ಬಂದರೆ ಬಲತುದಿಯನ್ನು ನಮ್ಮ ಕಡೆಗೆ ಎಳೆಯಬೇಕು. ದೂರದ ತುದಿ ದಪ್ಪ ಬಂದರೆ ಆಚೆಗೆ ತಳ್ಳಬೇಕು.

ಈಗಿನ ಲೆಕ್ಕ: 0.84 ಭಾಗಿಸು ನಾಲ್ಕು, 0.21. 600ಕ್ಕೆ 0.315. ಗೇಜಿನಲ್ಲಿ 0.30ರ ಎಲೆ ತಗೊ. ಅಡ್ಡಪಟ್ಟಿಯ ಬೆನ್ನಿಗೆ, ಅಂದರೆ ನಿನ್ನ ಕಡೆಗೆ, ಬಲತುದಿಯಲ್ಲಿ ಆ ಎಲೆ ಇಟ್ಟು ಅದಕ್ಕೆ ತಾಗಿಸಿ ಒಂದು ಗುಟ್ಟ ಕ್ಲ್ಯಾಂಪ್ ಮಾಡು. ಎಲೆ ತೆಗೆ. ಬಲ ಸ್ಕ್ರೂ ಬಿಚ್ಚಿ ಅಡ್ಡಪಟ್ಟಿಯನ್ನು ಗುಟ್ಟಕ್ಕೆ ತಾಗುವ ತನಕ ಎಳೆ. ಸ್ಕ್ರೂವನ್ನು ಹಳೇ ತೂತಿಗೇ ಹಾಕಬೇಡ, ಅದು ಹಳೇ ಜಾಗಕ್ಕೇ ಎಳೆದುಕೊಂಡು ಹೋಗುತ್ತದೆ. ಎರಡು ಸೆಂ.ಮೀ. ಪಕ್ಕದಲ್ಲಿ ಹೊಸ ತೂತು ಕೊರೆ.

ನಮ್ಮೂರ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ್ದು ಮಲೆನಾಡಿನ ಕಾಡಿನ ಇದ್ದಿಲಲ್ಲಿ. ನಿಮ್ಮ ಕಡೆಯ ಮರದ ಋಣ ನಮ್ಮ ಮೇಲಿದೆ. ನೀನು ಎಷ್ಟು ಸಲ ಕೇಳಿದರೂ ಹೇಳುತ್ತೇನೆ, ಸಂಕೋಚ ಬೇಡ.

ತೀರ್ಥಹಳ್ಳಿ ಜೇನು · ಮೇ 8

0.04!

ನಾಲ್ಕರಿಂದ ಭಾಗಿಸಿದರೆ 400 ಮಿ.ಮೀ. ಉದ್ದಕ್ಕೆ 0.01. ಮೂರು ಸಲ ಅಳೆದೆ, ನಂಬಿಕೆ ಬರಲಿಲ್ಲ. ಒಂದು ಹಲಗೆ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಮುಖಗಳನ್ನು ಸೇರಿಸಿ ಹಿಡಿದೆ. ನಡುವೆ ಬೆಳಕು ಕಾಣಲಿಲ್ಲ. ಅಪ್ಪನನ್ನು ಕರೆದು ತೋರಿಸಿದೆ. ಅವರು ಸೇರಿದ ಜಾಗದ ಮೇಲೆ ಉಗುರು ಆಡಿಸಿ ನೋಡಿದರು, ಏನೂ ಮಾತಾಡಲಿಲ್ಲ. ಸಂಜೆ ನೆಂಟರಿಗೆ ಅವರೇ ಕರೆದುಕೊಂಡು ಬಂದು ತೋರಿಸುತ್ತಿದ್ದರು.

ಕೊಪ್ಪದ ಮಳೆ · ಮೇ 8

ಓದಿ ಖುಷಿ ಆಯ್ತು. ಕೆಲಸ ಶುರುಮಾಡುವ ಮೊದಲು ಇನ್ನೊಂದು ತುಂಡು ಸೇರಿಸಿ, ಇವತ್ತೇ. ಕೊಯ್ತ ಮುಗಿದಾಗ ಬ್ಲೇಡು ನಮ್ಮ ಕಡೆಯ ಅಡ್ಡಪಟ್ಟಿಯ ಹಿಂದೆ ಹೊರಗೆ ಬರುತ್ತದೆ. ನಮ್ಮ ಹೆಬ್ಬೆರಳು ಇರುವುದೂ ಅಲ್ಲೇ. ಅಲ್ಲಿ 75 ಮಿ.ಮೀ. ದಪ್ಪದ ಒಂದು ಮರದ ಗುಟ್ಟ ಅಂಟಿಸಿ, ಬ್ಲೇಡು ಹೊರಬಂದರೂ ಅದರೊಳಗೇ ಇರಲಿ. ಅದರಲ್ಲಿ ಸ್ಕ್ರೂ ಬೇಡ, ಬರೀ ಅಂಟು. ಕೆಂಪು ಬಣ್ಣ ಬಳಿಯಿರಿ. ಸ್ಲೆಡ್ ಬೇಕಾದ್ದಕ್ಕಿಂತ ಮುಂದೆ ಹೋಗದ ಹಾಗೆ ಟೇಬಲಿಗೂ ಮಣೆ ಕೆಳಗೂ ಒಂದೊಂದು ತಡೆ ಹಾಕಿ. ಎರಡೂ ಕೈ ಬ್ಲೇಡಿನ ಗೆರೆಯಿಂದ ದೂರ, ಅಡ್ಡಪಟ್ಟಿಯ ಎರಡು ಬದಿಯಲ್ಲಿರಲಿ.

ಸಾಗರದ ಬಡಗಿ · ಮೇ 9

ರೈವಿಂಗ್ ನೈಫ್ ಕಿತ್ತಿಡಬೇಡಿ. ಅದರ ತುದಿ ಬ್ಲೇಡಿನ ತುದಿಗಿಂತ ಕೆಳಗೆ ಬರುವ ಹಾಗೆ ಇಳಿಸಿದರೆ ಸ್ಲೆಡ್ಡಿನ ಸೀಳಿನಲ್ಲೇ ಹಾದುಹೋಗುತ್ತದೆ. ಬ್ಲೇಡು ಸೀಳುವಾಗ 24 ಹಲ್ಲಿನದು ಇದ್ದರೆ ಅಡ್ಡ ಕೊಯ್ತಕ್ಕೆ 60 ಹಲ್ಲಿನದು ಹಾಕಿ, ನಾರು ಕಿತ್ತು ಬರುವುದಿಲ್ಲ.

ಮಣೆಗೆ ಪಾಲಿಶ್ ಹಾಕುವಾಗ ಮೇಲೆ ಎಷ್ಟು ಕೋಟ್ ಹಾಕುತ್ತೀರೋ ಕೆಳಗೂ ಅಷ್ಟೇ ಹಾಕಿ. ಒಂದೇ ಕಡೆ ಮುಚ್ಚಿದರೆ ಇನ್ನೊಂದು ಕಡೆ ತೇವ ಕುಡಿದು ಮಣೆ ಬಾಗುತ್ತದೆ. ಅಂಚುಗಳಿಗೆ ಒಂದು ಕೋಟ್ ಜಾಸ್ತಿ. ಕೆಳಮುಖಕ್ಕೆ ಜೇನುಮೇಣ ಉಜ್ಜಿ, ನಿಮ್ಮ ಮನೆಯಲ್ಲೇ ಇದೆಯಲ್ಲ. ಸಿಲಿಕಾನ್ ಸ್ಪ್ರೇ ಹೊಡೆಯಬೇಡಿ, ಅದು ಮರಕ್ಕೆ ಹತ್ತಿದರೆ ಆಮೇಲೆ ಪಾಲಿಶ್ ಕೂರುವುದಿಲ್ಲ.

ತೀರ್ಥಹಳ್ಳಿ ಜೇನು · ಜುಲೈ 27

ಎರಡೂವರೆ ತಿಂಗಳಾಯ್ತು. ಪುಷ್ಯ ಮಳೆ ಹೊಡೆಯುತ್ತಿದೆ. ಐದು ದಿನದಿಂದ ಬಿಸಿಲಿಲ್ಲ, ಕರೆಂಟ್ ಬಂದು ಹೋಗಿ ಮಾಡುತ್ತಿದೆ. ವೋಲ್ಟೇಜ್ ಕಮ್ಮಿ ಇದ್ದಾಗ ಮೋಟಾರ್ ಸೊರಗಿ ಮರ ಸುಡುತ್ತದೆ, ಆಗ ಕೆಲಸ ನಿಲ್ಲಿಸುತ್ತೇನೆ. ಕೊಟ್ಟಿಗೆ ಬಾಗಿಲು ಎಂದಿನಂತೆ ಕಚ್ಚಿಕೊಂಡಿದೆ, ಭುಜ ಕೊಟ್ಟು ತೆಗೆಯಬೇಕು.

ಸ್ಲೆಡ್ಡನ್ನು ಗೋಡೆಗೆ ಒರಗಿಸದೆ, ಬಚ್ಚಲು ಒಲೆಯ ಆಚೆ ಬದಿ ಗೋಡೆಯಲ್ಲಿ ಎರಡು ಮೊಳೆಗೆ ನೇತುಹಾಕಿದ್ದೇನೆ. ಇವತ್ತು ಬೆಳಿಗ್ಗೆ ಇಳಿಸಿ ಟೇಬಲ್ ಮೇಲೆ ಇಟ್ಟೆ. ರನ್ನರ್ ಸ್ಲಾಟಿಗೆ ತಾನಾಗಿ ಇಳಿಯಿತು. ಒಂದೇ ಬೆರಳಿಗೆ ಓಡಿತು. ಮತ್ತೆ ಐದು ಕೊಯ್ತ ಮಾಡಿದೆ. ವ್ಯತ್ಯಾಸ 0.10, ಅಂದರೆ 400ಕ್ಕೆ 0.025. ಮುಟ್ಟದೆ ಹಾಗೇ ಬಿಟ್ಟಿದ್ದೇನೆ.

ಇಲ್ಲಿವರೆಗೆ ಹನ್ನೊಂದು ಪೆಟ್ಟಿಗೆ ಆಯಿತು. ಒಂದು ಸಣ್ಣ ತೊಂದರೆ ಕಂಡಿತು. ಗುಟ್ಟದ ಬುಡದಲ್ಲಿ ಮರದ ಹುಡಿ ಸೇರಿ, ನಾಲ್ಕನೇ ತುಂಡಿನಿಂದ ಉದ್ದ ಕಾಲು ಮಿ.ಮೀ. ಕಮ್ಮಿ ಬರುತ್ತಿತ್ತು. ಗುಟ್ಟದ ಕೆಳಮೂಲೆಯನ್ನು ಓರೆಯಾಗಿ ಕೆತ್ತಿದೆ, ಹುಡಿ ಅಲ್ಲಿ ಕೂರುತ್ತದೆ, ತುಂಡಿಗೆ ಅಡ್ಡ ಬರುವುದಿಲ್ಲ. ಅಡ್ಡಪಟ್ಟಿಯ ಬುಡಕ್ಕೂ ಹಾಗೇ ಮಾಡಬೇಕಿತ್ತು, ಮುಂದಿನ ಸಲ ಅಂಟಿಸುವ ಮೊದಲೇ ಮಾಡುತ್ತೇನೆ.

ಭದ್ರಾವತಿ ಟರ್ನರ್ · ಜುಲೈ 27

0.10 ಬಹಳ ಒಳ್ಳೆಯದು ತಮ್ಮ. ಜನವರಿಯಲ್ಲಿ ಒಂದು ಸಲ ಅಳೆದು ಇಲ್ಲೇ ಬರೆ. ಆ ಮೂರು ಸಂಖ್ಯೆಯನ್ನೂ ಮಣೆಯ ಕೆಳಗೆ ಪೆನ್ಸಿಲ್‌ನಲ್ಲಿ ತಾರೀಖು ಹಾಕಿ ಬರೆದಿಡು.

ಹೊಸನಗರ ಹುಡುಗ · ಜುಲೈ 28

ಅಣ್ಣ, ಆ ಹನ್ನೊಂದರಲ್ಲಿ ಒಂದು ಪೆಟ್ಟಿಗೆ ನನಗೆ ಕೊಡುತ್ತೀರಾ? ನಮ್ಮ ಹಿತ್ತಲ ಹಲಸಿನ ಪೊಟರೆಯಲ್ಲಿ ತುಡುವೆ ಕೂತಿದೆ. ಮುಚ್ಚಳ ನಾನೇ ಕೀಸುಳಿಯಲ್ಲಿ ಮಾಡಿಕೊಳ್ಳುತ್ತೇನೆ, ಅಳತೆ ಕೊಡಿ ಸಾಕು.

ತೀರ್ಥಹಳ್ಳಿ ಜೇನು · ಜುಲೈ 28

ಕೊಡುತ್ತೇನೆ, ಅದಕ್ಕೇನು. ಈ ಮಳೆಯಲ್ಲಿ ಪೊಟರೆ ಮುಟ್ಟಬೇಡ, ಹುಳ ಉಳಿಯುವುದಿಲ್ಲ. ಮಳೆ ಬಿಟ್ಟು ಹೂ ಶುರುವಾದ ಮೇಲೆ ಬಾ, ಪೆಟ್ಟಿಗೆ ತಗೊಂಡು ಹೋಗು. ಮುಚ್ಚಳದ ಅಳತೆ ರಾತ್ರಿ ಬರೆದು ಕಳಿಸುತ್ತೇನೆ.